ತೆರೆದಿಟ್ಟ ಮುಚ್ಚಳ

ಸಹಿ ಹಾಕಿಬಿಟ್ಟರೆ ತನ್ನದೇನು ಹೋಗುತ್ತದೆ? ಶಾಲೆಯ ಪಾಯಿಖಾನೆ ಗುಂಡಿಯಲ್ಲಿ ಎದೆಮಟ್ಟ ನಿಂತು ಅವನು ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದ. ದರ್ಜಿ ಹಾಕಿದ. ಆಟೋದವನೂ ಹಾಕಿದ. ಮಕ್ಕಳನ್ನು ಸೇರಿಸಿಕೊಳ್ಳಲು ಈ ಶಾಲೆ ಕೇಳುವ ದುಡ್ಡು ಕಾನೂನಿಗೆ ವಿರುದ್ಧ ಎಂದು ಜೊತೆಯಲ್ಲಿ ಕೋರ್ಟಿಗೆ ಹೋದವರು ಕೇಸು ವಾಪಸ್ ಎಂದು ಸಹಿ ಹಾಕಿ ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವರ ಮಕ್ಕಳು ಈಗ ಒಳಗೆ ಟೈ ಕಟ್ಟಿಕೊಂಡು ಕೂತಿದ್ದಾರೆ. ಪ್ರವೇಶ ಪರೀಕ್ಷೆ ಪಾಸಾದ ತನ್ನ ಮಗಳು ಮನೆಯಲ್ಲಿ ಕೂತು ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕುತ್ತಿದ್ದಾಳೆ. ತಾನು ಹಿಡಿದಿರುವುದು ನ್ಯಾಯವೋ, ಬರೀ ಹಟವೋ?

ಮೇಲೆ ಟ್ಯಾಂಕರಿನ ಪೈಪು ಹಿಡಿದಿದ್ದ ಭಾಮೈದ ಹಗ್ಗ ಜಗ್ಗಿದ.

"ಭಾವಾ, ಬದುಕಿದ್ದೀಯಾ?"

"ಸತ್ರೆ ನಿಮ್ಮಕ್ಕ ಬಿಡ್ತಾಳೇನೋ?"

ಇವತ್ತೇ ವಿಚಾರಣೆ. ಅವನು ಹಾಜರಾಗದಿದ್ದರೆ ಕೇಸು ವಜಾ. ಗುಂಡಿ ಇವತ್ತೇ ಖಾಲಿಯಾಗಬೇಕು, ಇವನೇ ಇಳಿಯಬೇಕು ಎಂದು ಶಾಲೆಯವರು ಕಂಟ್ರಾಕ್ಟರನಿಗೆ ಹೇಳಿದ್ದು ಅದಕ್ಕೇ. ಒಲ್ಲೆನೆಂದರೆ ಇಬ್ಬರ ಕೆಲಸವೂ ಹೋಗುತ್ತಿತ್ತು.

ಶಾಲೆಯ ಸೆಕ್ರೆಟರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದ. ಹಿಂದೆ ವಾಚ್‌ಮನ್.

"ಏನೋ ಗುಂಡಿ, ಜಡ್ಜ್ ಸಾಹೇಬ್ರು ನಿನ್ನ ದಾರಿ ಕಾಯ್ತಿರ್ತಾರಲ್ಲೋ!"

ವಾಚ್‌ಮನ್ ಕಿಸಕ್ಕನೆ ನಕ್ಕ.

"ಹೇಲು ಬಾಚೋನ ಮಗಳಿಗೆ ದೊಡ್ಡ ಸ್ಕೂಲು ಬೇಕಂತೆ. ಅವಳ ಪಕ್ಕ ಯಾರು ಕೂರ್ತಾರೋ, ಬೋಳಿಮಗನೆ? ಆದ್ರೂ ನಾನು ಕೆಟ್ಟೋನಲ್ಲ. ಕೇಸು ವಾಪಸ್ ತಗೊಂಡೆ ಅಂತ ಇದಕ್ಕೆ ಸಹಿ ಹಾಕು. ನಾಳೆನೇ ಸೀಟು. ಒಂದು ಪೈಸೆ ಬೇಡ. ತೊಳೆದು ಕರ್ಕೊಂಡು ಬಾ, ಅಷ್ಟೆ."

ಕಾಗದವನ್ನು ನೆಲದ ಮೇಲಿಟ್ಟು ಕಲ್ಲು ಹೇರಿದ. ಪೆನ್ನನ್ನು ಬೂಟಿನ ತುದಿಯಿಂದ ನೂಕಿದ.

"ಪೆನ್ನು ನೀನೇ ಇಟ್ಕೋ. ನಂಗೆ ವಾಪಸ್ ಬೇಡ."

ಒಂದು ಪೈಸೆ ಬೇಡ. ಅವನು ಮೇಲೆ ಹತ್ತಿ ಗೋಣಿಗೆ ಕೈ ಒರೆಸಿಕೊಂಡು ಪೆನ್ನು ಎತ್ತಿಕೊಂಡ. ಟೈ ಕಟ್ಟಿದ ಮಗಳ ಕತ್ತು ಕಣ್ಣ ಮುಂದೆ ಬಂತು. ಪರೀಕ್ಷೆಗೆ ಹೊರಟ ದಿನ ಅವಳು ಎರಡು ಸಲ ಸ್ನಾನ ಮಾಡಿದ್ದಳು. ಯಾರೂ ಹೇಳಿರಲಿಲ್ಲ.

ಅವನು ಕಾಗದವನ್ನು ಗುಂಡಿಗೆ ಬಿಟ್ಟ. ಅಂಗಿ ತೊಟ್ಟು ಪೆನ್ನನ್ನು ಜೇಬಿಗೆ ಸಿಕ್ಕಿಸಿದ.

"ಗಾಡಿ ತೆಗಿ."

"ಇನ್ನೂ ಅರ್ಧ ಇದೆಯಲ್ಲ ಭಾವಾ. ಕೈಕಾಲಾದ್ರೂ ತೊಳ್ಕೋ."

"ಇವತ್ತು ಬೇಡ. ಮಕ್ಕಳು ಈ ಕಡೆ ಬರದ ಹಾಗೆ ಗೇಟಿಗೆ ಅಗಳಿ ಹಾಕಿ ಬಾ."

ಆ ಶಾಲೆಯಲ್ಲಿ ಗುಂಡಿಯ ಮುಚ್ಚಳ ತೆಗೆದವನೇ ಮುಚ್ಚಬೇಕಿತ್ತು. ಹಿಂದೊಮ್ಮೆ ಮಾಲಿ ಅದಕ್ಕೆ ಕೈಹಚ್ಚಿದಾಗ ಇದೇ ಸೆಕ್ರೆಟರಿ, ಮೈಲಿಗೆಯಾದೆ, ಶಾಲೆಯ ನಲ್ಲಿ ಮುಟ್ಟಬೇಡ ಎಂದು ಅವನನ್ನು ಮನೆಗೆ ಅಟ್ಟಿದ್ದ. ಆಮೇಲೆ ಯಾರೂ ಅದರ ಹತ್ತಿರ ಸುಳಿದಿರಲಿಲ್ಲ.

"ಲೇ, ಮುಚ್ಚಳ! ಮುಚ್ಚಿ ಹೋಗೋ! ಮೀಟಿಂಗಿಗೆ ಪೇರೆಂಟ್ಸ್ ಬರೋ ಹೊತ್ತಾಯ್ತು!"

"ನೀವೇ ಮುಚ್ಚಿ ಸಾರ್. ಆಮೇಲೆ ತೊಳ್ಕೊಂಡು ಬನ್ನಿ, ಅಷ್ಟೆ."

ಸೆಕ್ರೆಟರಿ ವಾಚ್‌ಮನ್ ಕಡೆ ತಿರುಗಿದ. ವಾಚ್‌ಮನ್ ಹಿಂದೆ ಹಿಂದೆ ಸರಿದ.

"ನಾನು ಮುಟ್ಟಲ್ಲಪ್ಪ. ಮಾಲಿಗೆ ಏನಾಯ್ತು ಅಂತ ನೋಡಿದ್ದೀನಿ."

ಟ್ಯಾಂಕರು ತಿರುವಿನಲ್ಲಿ ಮರೆಯಾಗುವಾಗ ಶಾಲೆಯ ಮುಂದೆ ಕಾರುಗಳು ಬಂದು ನಿಲ್ಲುತ್ತಿದ್ದವು. ಇಳಿದವರೆಲ್ಲ ಒಟ್ಟಿಗೇ ಮೂಗು ಮುಚ್ಚಿಕೊಂಡರು. ಭಾಮೈದ ಕನ್ನಡಿಯಲ್ಲಿ ನೋಡಿ ಸ್ಟಿಯರಿಂಗ್ ಬಡಿದು ಬಡಿದು ನಕ್ಕ. ಅವನು ನಗಲಿಲ್ಲ.

ಕೋರ್ಟಿನ ಹಾಲಿನಲ್ಲಿ ಅವನು ಶಾಲೆಯ ವಕೀಲರ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡ. ವಕೀಲರು ಎದ್ದು ನಿಂತರು, ಕೂರಲಾಗದೆ ತಮ್ಮ ವಾದ ಮುಗಿದ ಮೇಲೂ ಕೊನೆಯವರೆಗೆ ನಿಂತೇ ಇದ್ದರು. ಜಡ್ಜು ಕಿಟಕಿ ತೆಗೆಸಿದರು. ಅರ್ಜಿದಾರ ಹಾಜರಿದ್ದಾನೆಯೇ ಎಂದರು. ಅವನು ಸೆಕ್ರೆಟರಿಯ ಪೆನ್ನಿನಿಂದ ಹಾಜರಿ ಸಹಿ ಹಾಕಿದ. ಪ್ರವೇಶಕ್ಕೆಂದು ವಸೂಲು ಮಾಡಿದ್ದರ ಲೆಕ್ಕವನ್ನು ಶಾಲೆ ಕೋರ್ಟಿಗೆ ತಂದಿಡಬೇಕು ಎಂದು ಆದೇಶವಾಯಿತು. ಕೇಸು ಮುಂದಕ್ಕೆ ಹೋಯಿತು.

ಸಂಜೆ ಅವನು ಮೈ ಉರಿಯುವಷ್ಟು ಉಜ್ಜಿಕೊಂಡು ಒಳಗೆ ಬಂದ. ಮಗಳು ರಟ್ಟು ಹಾಕಿದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದಳು.

"ಅಪ್ಪಾ, ಏನಂದ್ರು? ಸೀಟು ಕೊಡ್ತಾರಂತಾ?"

"ಕೇಸು ಮುಗೀಲಿ ಮಗಾ."

ಆ ವರ್ಷ ಕೇಸು ಮುಗಿಯಲಿಲ್ಲ. ಅವಳು ಬೇರೆ ಶಾಲೆಗೆ ಹೋದಳು. ಒಂದು ಪೈಸೆಯೂ ಇಲ್ಲದೆ ನಿನ್ನನ್ನು ಸೇರಿಸಿಕೊಳ್ಳುತ್ತೇವೆ ಅಂದಿದ್ದರು, ನಾನೇ ಬೇಡ ಅಂದೆ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.