ಟೈಲರಮ್ಮನ ಬಿರಡೆ

ಸ್ನಾನದ ಮನೆಯ ಪಕ್ಕದ ಕೋಣೆಯಲ್ಲಿ ನೆಲ ಒದ್ದೆಯಾಗತೊಡಗಿ ಹತ್ತು ದಿನವಾಗಿತ್ತು. ಮೊದಲು ನೆಲಹಾಸಿನ ಅಂಚು, ಆಮೇಲೆ ಕಪಾಟಿನ ಕಾಲು. ಮಗ ದಿನಾ ಬೆಳಿಗ್ಗೆ ಬಗ್ಗಿ, ಮುಟ್ಟಿ, ಮೂಸಿ, ಹುಬ್ಬು ಗಂಟಿಕ್ಕಿಕೊಂಡು ಏಳುತ್ತಿದ್ದ. ಅವನ ತಾಯಿ, ಅಂದರೆ ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಮುದುಕಿ ಮಾತ್ರ ಆ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂಬ ಗುಮಾನಿ ಇದ್ದದ್ದು ಅವಳೊಬ್ಬಳಿಗೇ.

ಸಂಗತಿ ಇಷ್ಟೇ. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ಅವಳ ಮಂಡಿಗಳಿಗೆ ಬಿಸಿನೀರಿನ ಟಬ್ಬೆಂದರೆ ಪ್ರಾಣ. ಆದರೆ ಟಬ್ಬಿನ ಗೋಡೆಯಲ್ಲೊಂದು ತೂತು. ನೀರು ಅಲ್ಲಿಗೆ ಏರಿತೋ ಇಲ್ಲವೋ, ಗುಟುಗುಟು ಎಂದು ಹೊರಟುಬಿಡುತ್ತಿತ್ತು. ಕಾಲು ಮಡಚಿದರೆ ಮಂಡಿ ಹೊರಗೆ, ಚಾಚಿದರೆ ಬೆನ್ನು ಹೊರಗೆ. ಇದೆಂಥ ದರಿದ್ರ ಸ್ನಾನ! ಮಗನನ್ನು ಕೇಳಿದ್ದಕ್ಕೆ, "ಅಷ್ಟೇ ಸಾಕಮ್ಮ, ಮಾಡಿದವರು ಯೋಚನೆ ಮಾಡೇ ಮಾಡಿರ್ತಾರೆ" ಎಂದಿದ್ದ. ಮಾಡಿದವರ ಮಂಡಿ ನೋಯುತ್ತಿರಲಿಲ್ಲವೇನೋ!

ಟೈಲರಮ್ಮ ಟೇಪು ತಂದು ತೂತಿನ ಅಳತೆ ತೆಗೆದಳು. ಹಳೆಯ ಮಳೆಕೋಟಿನ ತುಂಡಿಗೆ ಹತ್ತಿ ತುಂಬಿ, ಎರಡು ಸುತ್ತು ಹೊಲಿದು, ಎಳೆಯಲೊಂದು ಬಾಲವಿಟ್ಟು, ಅಚ್ಚುಕಟ್ಟಾದ ಬಿರಡೆ ಮಾಡಿದಳು. ಕತ್ತರಿ ತುದಿಯಿಂದ ತೂತಿನ ಜಾಲರಿ ಮುಚ್ಚಳ ಬಿಚ್ಚಿ, ಬಿರಡೆಯನ್ನು ಒಳಕ್ಕೆ ಗಟ್ಟಿಯಾಗಿ ಒತ್ತಿದಳು. ಅವತ್ತಿನಿಂದ ಕುತ್ತಿಗೆಮಟ್ಟ ನೀರು. ಸ್ವರ್ಗಕ್ಕೆ ಮೂರೇ ಗೇಣು.

ಪ್ಲಂಬರ್ ಬರುವ ದಿನ ಬಿರಡೆ ಸದ್ದಿಲ್ಲದೆ ಸೂಜಿ ಡಬ್ಬಿ ಸೇರಿತು, ಮುಚ್ಚಳ ಸ್ವಸ್ಥಾನಕ್ಕೆ ಬಂತು.

ಪ್ಲಂಬರ್ ತಾಳ್ಮೆಯ ಮನುಷ್ಯ. ತೂತಿನ ಮಟ್ಟಕ್ಕೆ ನೀರು ತುಂಬಿದ, ಕಾದ, ಖಾಲಿ ಮಾಡಿದ. ಪಕ್ಕದ ಕೋಣೆಯ ಕಪಾಟು ಸರಿಸಿ, ಗೋಡೆಯ ಹಲಗೆ ಬಿಚ್ಚಿ, ಟಬ್ಬಿನ ಬೆನ್ನಿಗೆ ಟಾರ್ಚ್ ಹಿಡಿದ. ಒಂದು ಹನಿ ಇಲ್ಲ.

"ಮೇಲೆಲ್ಲ ಸರಿಯಾಗಿದೆ. ಹಾಗಾದ್ರೆ ಪೈಪು ನೆಲದೊಳಗೇ ಒಡೆದಿರ್ಬೇಕು," ಎಂದ. "ಈ ಮನೆ ಕೆಳಗೆ ನುಸುಳಿ ಪೈಪು ನೋಡೋಕೆ ಜಾಗ ಇಲ್ಲ, ಮಣ್ಣಿನ ಮೇಲೇ ಕಾಂಕ್ರೀಟು. ಟಬ್ಬು ಕಿತ್ತು ನೆಲ ಒಡೀಬೇಕು."

"ಕಿತ್ತ ಮೇಲೆ ಮತ್ತೆ ಇಡೋದೇ ಬೇಡ," ಎಂದ ಮಗ. "ಶವರ್ ಸಾಕು."

ಟೈಲರಮ್ಮ ಇದನ್ನು ಬಾಗಿಲ ಬಳಿಯೇ ಕೇಳಿಸಿಕೊಂಡಳು. ಶವರಂತೆ ಶವರು! ಐದು ನಿಮಿಷ ನಿಲ್ಲಲಾಗದವಳಿಗೆ! ಬಾಯಿಬಿಟ್ಟರೆ ಬೈಗುಳ ಖಂಡಿತ, ಬಿಡದಿದ್ದರೆ ಟಬ್ಬೇ ಇಲ್ಲ.

"ಏನತ್ತೆ, ಹೀಗೆ ಬೆವರ್ತಿದ್ದೀರಿ?" ಎಂದಳು ಸೊಸೆ.

"ಸೆಕೆ ಕಣೇ."

ಪ್ಲಂಬರ್ ಟಬ್ಬಿನ ಅಂಚಿನ ಟೈಲ್ಸಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದ.

"ನಿಲ್ಸಪ್ಪಾ!" ಎಂದು ಕಿರುಚಿದ ಟೈಲರಮ್ಮ ಕುಂಟುತ್ತಾ ಹೋಗಿ, ಡಬ್ಬಿಯಿಂದ ಬಿರಡೆ ತಂದು ಅವನ ಕೈಗಿಟ್ಟಳು. "ಮುಚ್ಚಳ ಬಿಚ್ಚಿ ಇದನ್ನ ಆ ತೂತಿಗೆ ತುರುಕಿ ಮೇಲಿನ ತನಕ ನೀರು ತುಂಬು. ಆಮೇಲೆ ನೋಡು."

ತುಂಬಿದ, ನೋಡಿದ. ಗೋಡೆಯ ಹಿಂದೆ ಟಪಟಪ ಶುರುವಾಯಿತು.

"ಇಲ್ಲಿದ್ದಾನೆ ಕಳ್ಳ! ಇದನ್ನ ಒತ್ತಿ ಒತ್ತಿ ತೂತಿನ ಹಿಂದಿನ ರಬ್ಬರು ಮೇಲುಗಡೆ ಜರುಗಿದೆ. ನೀರು ತೂತು ದಾಟಿ ಏರಿದ್ರೆ ಮಾತ್ರ ಸೋರುತ್ತೆ." ಪ್ಲಂಬರ್ ಬಿರಡೆಯನ್ನು ತಿರುಗಿಸಿ ನೋಡಿದ. "ಹೊಲಿಗೆ ಮಾತ್ರ ಒಂದು ಹನಿ ಬಿಟ್ಟಿಲ್ಲ ಬಿಡಿ."

ಅಂಥ ಹೊತ್ತಿನಲ್ಲೂ ಟೈಲರಮ್ಮನಿಗೆ ಹೆಮ್ಮೆಯಾಯಿತು. ಮಗನ ಮುಖ ಕೆಂಪಾಗಿತ್ತು.

"ಹತ್ತು ದಿನ ನೆಲ ಮೂಸಿದ್ದೀನಮ್ಮ! ಒಂದು ಮಾತು ಹೇಳೋಕಾಗ್ಲಿಲ್ವಾ?"

"ಮೊದಲೇ ಕೇಳಿದ್ನಲ್ಲೋ. ನೀನು ಸಾಕು ಅಂದೆ." ಟೈಲರಮ್ಮ ಮಂಡಿ ಒತ್ತಿಕೊಂಡಳು. "ಊಟ ನಿಮ್ಮ ಹೊತ್ತಿಗೆ, ಟೀವಿ ನಿಮ್ಮ ಇಷ್ಟಕ್ಕೆ, ಕಿಟಕಿ ತೆಗೆಯೋದೂ ನೀವು ಹೇಳ್ದಾಗ. ಹೋಗ್ಲಿ ಬಿಡು. ಆದ್ರೆ ನೀರು ಎಷ್ಟು ಸಾಕು ಅಂತ ನನ್ನ ಮಂಡೀನ ಕೇಳ್ಬೇಕಿತ್ತು ಕಣೋ."

ಪ್ಲಂಬರ್ ಹೊಸ ರಬ್ಬರು ಕೂರಿಸಿದ. "ಈ ತೂತಿಗೆ ಬಾಯಿ ಮೇಲಕ್ಕಿರೋ ಮುಚ್ಚಳ ಸಿಗುತ್ತೆ, ಹಾಕಿದ್ರೆ ನೀರು ತೂತಿಗಿಂತ ಎತ್ತರಕ್ಕೆ ನಿಲ್ಲುತ್ತೆ. ನೀರು ಎಲ್ಲಿ ತನಕ ಬರ್ಬೇಕು ಸಾರ್?" ಎಂದು ಮಗನನ್ನು ಕೇಳಿದ.

"ನನ್ನನ್ಯಾಕೆ ಕೇಳ್ತೀರಿ?" ಎಂದ ಮಗ. "ಅಮ್ಮನ್ನ ಕೇಳಿ."

ಟೈಲರಮ್ಮ ಹಿಂದೆ ಮುಂದೆ ನೋಡಲಿಲ್ಲ. ನೀರು ಖಾಲಿಯಾಗಿದ್ದ ಟಬ್ಬಿಗೆ ಉಟ್ಟ ಬಟ್ಟೆಯಲ್ಲೇ ಇಳಿದು, ಕಾಲು ಚಾಚಿ, ಬೆನ್ನು ಒರಗಿಸಿ, ಗಲ್ಲದ ಕೆಳಗೆ ಬೆರಳಿಟ್ಟು "ಇಲ್ಲಿಗೆ" ಎಂದಳು. ಮಗ ಬಗ್ಗಿ ಟಬ್ಬಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದ. ಒಂದು ಗಳಿಗೆ ಅವಳ ಮುಖ ನೋಡಿ, ಆ ಗೆರೆ ಅಳಿಸಿ, ಇನ್ನೊಂದು ಬೆರಳಿನಷ್ಟು ಮೇಲಕ್ಕೆ ಎಳೆದ.