ಶೀನಪ್ಪನ ಕುದುರೆ

"ಶೀನಪ್ಪಣ್ಣನ ಕುದುರೆ ಒಂದೇ ನೆಗೆತಕ್ಕೆ ಇಡೀ ಪಾಕಿಸ್ತಾನ ದಾಟಿ ಇರಾನಿನಲ್ಲಿ ಇಳಿದದ್ದು. ಗಂಡ ಸತ್ತದ್ದು ಯಾರು ಕಂಡದ್ದು? ಕರಿಮಣಿ ಯಾಕೆ ತೆಗಿಬೇಕು?" ಎನ್ನುತ್ತ ನಾನು ಯತಿನನ ಕೈ ಹಿಡಿದೆ. ಆ ಕೈಯಲ್ಲಿ ಕತ್ತರಿ ಇತ್ತು.

ಅಂಗಳದಲ್ಲಿ ಸೀತಕ್ಕನನ್ನು ಮಲಗಿಸಿದ್ದರು. ಹಣೆಯಲ್ಲಿ ನಿನ್ನೆ ಅವಳೇ ಇಟ್ಟುಕೊಂಡ ಕುಂಕುಮ. ಯತಿನ್ ಅವಳ ತಮ್ಮನ ಮಗ, ಕೊಳ್ಳಿ ಇಡಬೇಕಾದವನು.

"ಬಿಡಿ ಮಾಲಿಂಗಣ್ಣ. ಇರಾನಿಗೆ ಹೋಗ್ಲಿಕ್ಕೆ ಕುದುರೆಗೆ ಪಾಸ್‌ಪೋರ್ಟ್ ಬೇಡ್ವಾ?"

ಎರಡು ಮೂರು ಜನ ನಕ್ಕರು. ಯತಿನನ ಹೆಂಡತಿ ಸುಪ್ರಿತಾ ನಗಲಿಲ್ಲ. "ವಿಧವೆಯನ್ನು ಕುಂಕುಮ ಇಟ್ಟು ಸುಟ್ರೆ ಮನೆಯ ಹೆಂಗಸರಿಗೆ ಆಗುದಿಲ್ಲ ಅಂತೆ. ಮುತ್ತೈದೆಯ ಕರಿಮಣಿ ತೆಗೆದ್ರೂ ಆಗುದಿಲ್ಲ. ಎರಡರಲ್ಲಿ ಎಂತ ಅಂತ ಒಂದು ಹೇಳಿ ಮಾರಾಯ್ರೆ."

"ನವ್ಯಾ ಬರ್ಲಿ," ಎಂದ ಯತಿನ್. "ಕಾಗದ ಸಿಕ್ಕಿದೆ, ನಾನು ಬರುವವರೆಗೆ ಎತ್ತಬೇಡಿ ಅಂತ ಫೋನು ಮಾಡಿದ್ಲು."

ನವ್ಯಾ ಅವನ ತಂಗಿ, ದರ್ಬೆಯ ಶಾಲೆಯಲ್ಲಿ ಮೇಡಂ. ಸೀತಕ್ಕನ ಗಂಡ, ಅಶ್ವದಳದ ಸವಾರ ಶೀನಪ್ಪ ಯುದ್ಧದಲ್ಲಿ ಏನಾದ ಎಂದು ಒಂದು ವರ್ಷದಿಂದ ಊರೂರಿಗೆ ಪತ್ರ ಬರೆದು ಹುಡುಕುತ್ತಿದ್ದಳು. ನಾನು ಕುರ್ಚಿಯಲ್ಲಿ ಕುಳಿತೆ. ಜಾಲ್ಸೂರಿನ ಕಡೆಯಿಂದ ಬರುವ ಒಂದೊಂದು ರಿಕ್ಷಾದ ಸದ್ದಿಗೂ ನನ್ನ ಬಾಯಿಯ ಎಲೆಯಡಿಕೆ ಕಹಿಯಾಗುತ್ತಿತ್ತು.

*

ಎಪ್ಪತ್ತೊಂದರ ಡಿಸೆಂಬರ್. ನನಗೆ ಹತ್ತೊಂಬತ್ತು, ಸೀತಕ್ಕನಿಗೆ ಇಪ್ಪತ್ತೆರಡು. ಮಿಲಿಟರಿಯಿಂದ ಬಂದ ಇಂಗ್ಲಿಷ್ ಕಾಗದ ಹಿಡಿದುಕೊಂಡು ನೆಟ್ಟಗೆ ನನ್ನಲ್ಲಿಗೇ ಬಂದಳು. ಬಾರದೇ ಏನು? ಇಂಗ್ಲಿಷ್ ಮೇಷ್ಟ್ರ ತಪ್ಪು ತಿದ್ದಿದವನು ನಾನು, ಕಲೆಕ್ಟರ್ ಕೂಡ ನನ್ನನ್ನು ಕೇಳಿಯೇ ಸಹಿ ಹಾಕುವುದು ಎಂದು ಊರಿಡೀ ಹೇಳಿಕೊಂಡು ತಿರುಗುತ್ತಿದ್ದೆ.

"ಎಂತ ಉಂಟು ಮಾಲಿಂಗ? ಬೇಗ ಓದು."

ನಾನು ಗಂಟಲು ಸರಿಮಾಡಿಕೊಂಡೆ. "ಕುದುರೆ ಹೆದರಿ ಗಡಿಯಾಚೆ ಓಡಿದೆಯಂತೆ ಅಕ್ಕ. ಭಾವನೂ ಅದರ ಮೇಲೆಯೇ ಇದ್ರಂತೆ. ಹುಡುಕುತ್ತಾ ಇದ್ದಾರಂತೆ."

ಅವಳು ಅಳಲಿಲ್ಲ. ಆಮೇಲೆ ಪಿಂಚಣಿಯ ಕಾಗದ ಹಿಡಿದು ಬಂದವರನ್ನು ಅಂಗಳದಿಂದಲೇ ಕಳಿಸಿದಳು. "ವಿಧವೆ ಅಂತ ಬರೆದಲ್ಲಿ ನಾನು ಹೆಬ್ಬೆಟ್ಟು ಒತ್ತುದಿಲ್ಲ." ನಲವತ್ತು ವರ್ಷ ಬೀಡಿ ಕಟ್ಟಿದಳು. ಬೆರಳ ತುದಿ ಸವೆದು, ಕೊನೆಗೆ ಒತ್ತಿದರೂ ಗುರುತು ಮೂಡದಂತಾಗಿತ್ತು. ಎಲೆ ತರಲು ಹೋಗುವಾಗ ದಾರಿಯಲ್ಲಿ ನಾನು ಸಿಕ್ಕರೆ, "ಸುದ್ದಿ ಉಂಟಾ?" ಎಂದು ಕೇಳುತ್ತಿದ್ದಳು. ನಾನು ಕುದುರೆಯನ್ನು ಇನ್ನೊಂದು ದೇಶ ದಾಟಿಸುತ್ತಿದ್ದೆ.

*

ನವ್ಯಾ ಬಂದವಳು ಚಪ್ಪಲಿಯನ್ನೂ ಬಿಡದೆ, ಕಾಗದ ಹಿಡಿದು ನನ್ನೆದುರು ನಿಂತಳು.

"ಮಾಲಿಂಗಣ್ಣ, ಕುದುರೆ ಯಾವ ಬಣ್ಣ?"

"ಹಾಲಿನಂಥ ಬಿಳಿ. ರಾತ್ರಿ ಲೈಟು ಬೇಡ, ಅಷ್ಟು ಬಿಳಿ."

"ಆ ರೆಜಿಮೆಂಟಿನಲ್ಲಿ ಕುದುರೆಯೇ ಇರ್ಲಿಲ್ಲ. ಹಳೇ ಹೆಸರು ಮಾತ್ರ, ಹಾರ್ಸ್ ಅಂತ. ಇದ್ದದ್ದು ಟ್ಯಾಂಕು. ಮಾವನ ಟ್ಯಾಂಕಿಗೆ ಬೆಂಕಿ ಹತ್ತಿ, ಒಳಗಿದ್ದ ಮೂವರೂ ಅಲ್ಲೇ ಸುಟ್ಟುಹೋದ್ರು. ಮನೆಗೆ ಕಾಗದ ಕಳಿಸಿದ್ದೇವೆ ಅಂತ ಇಲ್ಲಿ ಬರೆದುಂಟು. ಅತ್ತೆಗೆ ಅದನ್ನು ಓದಿದ್ದು ನೀವಲ್ವಾ?"

ಯತಿನ್ ಕತ್ತರಿಯನ್ನು ಕರಿಮಣಿಯ ಕೆಳಗೆ ಸೇರಿಸಿ ನನ್ನ ಮುಖ ನೋಡಿದ. ಇನ್ನೊಂದು ದೇಶದ ಹೆಸರು ಹುಡುಕಿದೆ. ಸಿಗಲಿಲ್ಲ.

"ನನಗೆ ಇಂಗ್ಲಿಷ್ ಬರುವುದಿಲ್ಲ," ಎಂದೆ. "ಆ ಕಾಗದದಲ್ಲಿ ಗುರುತು ಸಿಕ್ಕಿದ್ದು ಒಂದೇ ಶಬ್ದ, ಹಾರ್ಸ್. ಶಾಲೆಯ ಪುಸ್ತಕದಲ್ಲಿ ಅದಕ್ಕೆ ಚಿತ್ರ ಇತ್ತು. ಉಳಿದದ್ದೆಲ್ಲ ನಾನು ಕಟ್ಟಿದ್ದು."

"ಯಾರಲ್ಲಾದ್ರೂ ಕೇಳ್ಬಹುದಿತ್ತಲ್ಲ?" ನವ್ಯಾಳ ದನಿ ಸಣ್ಣದಾಗಿತ್ತು.

"ಕೇಳಿದೆ. ಒಂದು ವಾರ ಬಿಟ್ಟು ಆ ಕಾಗದವನ್ನು ಹಸನಬ್ಬ ಮೇಷ್ಟ್ರಿಗೆ ತೋರಿಸಿದೆ. ಸತ್ತಿದ್ದಾನೆ ಮಾರಾಯ, ಹೋಗಿ ಹೇಳು ಅಂದ್ರು. ಹೇಳ್ಲಿಕ್ಕೇ ಬಂದೆ. ಇದೇ ಅಂಗಳದಲ್ಲಿ ಸೀತಕ್ಕ ಹುರುಳಿ ಒಣಗಿಸ್ತಾ ಇದ್ದಳು. 'ಕುದುರೆಗೆ ಇಷ್ಟು ಸಾಕಾ ಮಾಲಿಂಗ?' ಅಂತ ಕೇಳಿದಳು."

"ನೀವು ಎಂತ ಹೇಳಿದ್ರಿ?"

"ಇನ್ನೊಂದು ಸೇರು ಬೇಕು ಅಂದೆ."