ಕೇಳುವವರ ಬಾಯಿ

"ಯಾವ ಕಾಲಿರೋ ಸೂಳೆಮಗ ಕಟ್ಟಿಸ್ದ ಈ ಮೆಟ್ಲ?"

ನಮ್ಮ ಗಲ್ಲಿಗೆಲ್ಲ ಚಿಕ್ಕಮ್ಮನಂತಿದ್ದ ಸತ್ತೂತ ಖಾಲಾ ಯಾರ ಕಡೆಗೂ ನೋಡದೆ ಕೇಳಿದಳು. ಬಿಸಿಲಿಗೆ ಕಾದ ಅಮೃತಶಿಲೆಯ ಮೇಲೆ ಮೊಣಕೈಯೂರಿ, ಅರ್ಧ ದಾರಿಯಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಅವಳ ಹಿಂದೆ ನಾನು, ಅಂಗೈಗಳಿಗೆ ಮರದ ಹಿಡಿ ಕಟ್ಟಿಕೊಂಡು ತೆವಳುತ್ತಿದ್ದೆ. ನನ್ನ ಅಂಗಿಯ ಕೊರಳಪಟ್ಟಿ ಹಿಡಿದುಕೊಂಡು ಕುರುಡ ಗರೀಬ್ ಬರುತ್ತಿದ್ದ. ಹಾಡು ಕೇಳಲು ಟಿಕೀಟು ಕೊಂಡವರು ನಮ್ಮ ಪಕ್ಕದಲ್ಲೇ ಹತ್ತಿ ಹೋಗುತ್ತಿದ್ದರು. ಒಬ್ಬಳು ನಮಗೆ ತಾಗೀತೆಂದು ಉಡುಪಿನ ಅಂಚನ್ನು ಎತ್ತಿ ಹಿಡಿದುಕೊಂಡಳು.

ಮೊದಲು ಇದು ಮರ ಮಾರುವವರ ಅಂಗಳ. ಕೈರೋದ ನಮ್ಮ ಗಲ್ಲಿಗೂ ಅದಕ್ಕೂ ನಡುವೆ ಹೊಸ್ತಿಲು ಕೂಡ ಇರಲಿಲ್ಲ. ಗುರುವಾರ ಸಂಜೆಯ ನಮಾಜು ಮುಗಿಸಿ ಶೇಖ್ ಬಯ್ಯೂಮಿ ಅಲ್ಲಿ ಚಾಪೆಯ ಮೇಲೆ ಕೂತು ಪ್ರವಾದಿ ನಬಿಯ ಹೊಗಳಿಕೆ ಹಾಡುತ್ತಿದ್ದರು. ನಿಲ್ಲಲಾರದವರಿಗೆ ಅವರ ಕಾಲ ಬುಡದಲ್ಲೇ ಜಾಗ. ಸಾಲು ಮುಗಿದು ದನಿ ನೆಲೆಗೆ ಇಳಿದಾಗ ಕೇಳುವವರ ಬಾಯಿಂದ "ಅಲ್ಲಾಹ್" ಬರಬೇಕು. ಅದು ಬಂದರೇ ಹಾಡುವವನಿಗೆ ಮುಂದಿನ ದಾರಿ ಕಾಣುವುದು. ಒಂದು ಉಸಿರು ಮೊದಲಾದರೂ ತಪ್ಪು, ತಡವಾದರೂ ತಪ್ಪು. ಸೊಪ್ಪು ಮಾರುವ ಸತ್ತೂತ ಖಾಲಾ ಎಂದೂ ತಪ್ಪಿದವಳಲ್ಲ. ಶೇಖ್ ಅವಳ ಮುಖ ನೋಡಿಕೊಂಡೇ ಹಾಡುತ್ತಿದ್ದರು, ಅವಳು ಅವರ ಮುಖ ನೋಡಿಕೊಂಡೇ ಕೇಳುತ್ತಿದ್ದಳು. ಗಾಡಿಗೆ ಸಿಕ್ಕಿ ಕಾಲು ಹೋದ ಮೇಲೆ ಅವಳು ವಾರವೆಲ್ಲ ಬದುಕುತ್ತಿದ್ದದ್ದು ಆ ಒಂದು ಹೊತ್ತಿಗಾಗಿ.

ಶೌಕತ್ ಬೇ ಎಂಬ ಧಣಿ ಅಂಗಳವನ್ನು ಕೊಂಡು, ನೆಲ ಎತ್ತರಿಸಿ, ಮೆಟ್ಟಿಲು ಕಟ್ಟಿಸಿ, ಕುರ್ಚಿ ಹಾಕಿಸಿ, ಹಾಡಿಗೆ ಟಿಕೀಟು ಇಟ್ಟ.

ಅಂದು ನಾವು ತೆವಳಿ ಮೇಲಿನ ಮೆಟ್ಟಿಲು ತಲುಪಿದಾಗ ಬಾಗಿಲಿನವನು ನೆಲದಲ್ಲಿ ಕೂರುವ ಹಾಗಿಲ್ಲ, ಜನ ತುಳಿಯುತ್ತಾರೆ ಎಂದ.

"ತುಳೀಲಿ ಬಿಡೋ. ನಿನ್ನ ಮೂತಿ ನೋಡೋದ್ಕಿಂತ ವಾಸಿ," ಎಂದಳು ಖಾಲಾ.

ಅವನು ಅವಳ ಕಂಕುಳಿಗೆ ಕೈ ಹಾಕಿ ಎತ್ತಿ, ಬೆಕ್ಕಿನ ಮರಿಯನ್ನು ಹೊರಗೆ ಬಿಡುವಂತೆ ಕೆಳಗೆ ತಂದು ಬಿಟ್ಟ. ಅವಳ ತಲೆಬಟ್ಟೆ ಜಾರಿ ಬೋಳು ನೆತ್ತಿ ಕಂಡಿತು. ಮೆಟ್ಟಿಲ ಮೇಲೆ ಯಾರೋ ನಕ್ಕರು.

ಆಮೇಲೊಂದು ದಿನ ಬೇ ಕಟ್ಟಿಸಿದ್ದಕ್ಕೆ ದುಡ್ಡು ಕೊಟ್ಟ ಹೊರದೇಶದ ದಾನಿಗಳು ನೋಡಲು ಬಂದರು. ಅವತ್ತು ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಬಂತು. ಎಲ್ಲಿಂದಲೋ ಬಾಡಿಗೆಗೆ ತಂದ ಗಾಲಿಕುರ್ಚಿಯಲ್ಲಿ ಖಾಲಾಳನ್ನು ಕೂರಿಸಿ, ಬೇ ತಾನೇ ತಳ್ಳಿದ. ಫೋಟೋ ಹೊಡೆದರು. ದಾನಿಗಳ ಕಾರು ಗಲ್ಲಿ ದಾಟುವ ಮೊದಲೇ ಅವಳನ್ನು ಇಳಿಸಿದರು, ಹಲಗೆ ಎತ್ತಿಟ್ಟರು. ಫೋಟೋ ಮಾತ್ರ ಟಿಕೀಟು ಕಿಟಕಿಯ ಪಕ್ಕ ಉಳಿಯಿತು. ಅದರಡಿ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಕ್ಕೆ ಬಾಗಿಲಿನವನು ಅವಳನ್ನೇ ಓಡಿಸಿದ.

ನಾವಿಲ್ಲದೆ ಶೇಖ್ ಅವರ ಹಾಡು ನಿಲ್ಲಲಿಲ್ಲ, ಒಣಗಿತು. ಕುರ್ಚಿಯವರು ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟುತ್ತಿದ್ದರು, ನಡುವೆ ಮಿಸುಕುತ್ತಿರಲಿಲ್ಲ. ಟೀವಿಯವರು ನೇರಪ್ರಸಾರಕ್ಕೆ ದಿನ ಗೊತ್ತುಮಾಡಿದಾಗ ಶೇಖ್ ಕೈಚೆಲ್ಲಿದರಂತೆ. ನನ್ನ ಕೇಳುವವರನ್ನು ತನ್ನಿ, ಇಲ್ಲವಾದರೆ ದನಿ ಏಳುವುದಿಲ್ಲ ಎಂದರಂತೆ.

ಬೇ ನಮ್ಮ ಗಲ್ಲಿಗೆ ಬಂದ. ಕಾಫಿ ಅಂಗಡಿಯಲ್ಲಿ ಕೂತು ಎಲ್ಲರಿಗೂ ಚಹಾ ಹೇಳಿ, ನೀವೇ ಈ ಸಭೆಯ ಉಪ್ಪು ಎಂದೆಲ್ಲ ಹೊಗಳಿದ. ಖಾಲಾ ಚಹಾ ಮುಟ್ಟಲಿಲ್ಲ.

"ನಂಗೆ ಎದುರ್ಗಡೆ ಜಾಗ ಬೇಕು. ಶೇಖ್ ಮೊಖ ಕಾಣ್ಬೇಕು. ಇನ್ನೇನೂ ಬ್ಯಾಡ."

"ನನ್ನ ಕಣ್ಣಿನ ಮೇಲೆ ಕೂರಿಸ್ತೀನಮ್ಮಾ," ಎಂದು ಬೇ ಎರಡೂ ಕಣ್ಣು ಮುಟ್ಟಿಕೊಂಡ.

ಪ್ರಸಾರದ ದಿನ ಖಾಲಾ ಮಿಂದು, ಬಿಳಿ ತಲೆಬಟ್ಟೆ ಕಟ್ಟಿ, ಕಣ್ಣಿಗೆ ಸುರ್ಮಾ ಹಚ್ಚಿಕೊಂಡು ಬಂದಳು. ಇಳಿಜಾರಿನ ಹಲಗೆಯ ತುಂಬ ಹೂಕುಂಡ ಜೋಡಿಸಿದ್ದರು. ಹಮಾಲಿಗಳು ನಮ್ಮನ್ನು ಈರುಳ್ಳಿ ಮೂಟೆಯ ಹಾಗೆ ಹೆಗಲಿಗೇರಿಸಿ, ಅಡುಗೆಮನೆಯ ಬಾಗಿಲಿಂದ ಒಳಗೆ ತಂದು, ವೇದಿಕೆಯ ಮಗ್ಗುಲಲ್ಲಿ ಒಂದು ಮರದ ಜಾಲರಿಯ ಹಿಂದೆ ಇಳಿಸಿದರು. ಜಾಲರಿಯ ಬೆನ್ನಿಗೆ ಕಪ್ಪು ಬಟ್ಟೆ. ನಮ್ಮ ತಲೆಯ ಮೇಲೆ ಎರಡು ಮೈಕು ತೂಗುತ್ತಿದ್ದವು.

ಬಟ್ಟೆ ಸರಿಸಲು ಹೋದ ನನ್ನ ಕೈಗೆ ಬಾಗಿಲಿನವನು ಬೂಟಿನಿಂದ ಒದ್ದ.

"ಬೇಕಾಗಿರೋದು ನಿಮ್ಮ ದನಿ. ಮೂತಿ ತೋರ್ಸಿ ಕ್ಯಾಮರಾ ಕೆಡಿಸ್ಬೇಡಿ."

ಶೇಖ್ ಹಾಡುವ ಮೊದಲು ಹಿಂದಿನಿಂದ ಒಮ್ಮೆ ಇಣುಕಿದರು. ಖಾಲಾ ಅವರ ನಿಲುವಂಗಿಯ ತುದಿ ಹಿಡಿದು, ಆ ಕಪ್ಪು ಬಟ್ಟೆಯನ್ನಾದರೂ ತೆಗೆಸಿ ಎಂದು ಬೇಡಿದಳು. ಅವರು ಮೆಲ್ಲಗೆ ತುದಿ ಬಿಡಿಸಿಕೊಂಡರು. ಇದೊಂದು ದಿನ ಸೈರಿಸಿಕೋ ಎಂದು ಹೇಳಿ ಹೋದರು.

ಖಾಲಾ ತನ್ನ ಖಾಲಿ ಕೈ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿದಳು.

"ಇವತ್ತು ಯಾರಾದ್ರೂ ಬಾಯಿ ಬಿಟ್ರೆ ನನ್ ಹೆಣ ನೋಡ್ತೀರಿ."

ಶೇಖ್ ಮೊದಲ ಸಾಲು ಎತ್ತಿದರು. ನನ್ನ ಅಪ್ಪ ಬೆಳಗಿನ ಜಾವ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳುತ್ತಿದ್ದ ಸಾಲು ಅದು. ದನಿ ಏರಿತು, ತಿರುಗಿತು, ನೆಲೆಗೆ ಇಳಿಯಿತು, ಕಾದಿತು.

ನಾವು ಸುಮ್ಮನಿದ್ದೆವು.

ಅವರು ಮತ್ತೆ ಅದೇ ಸಾಲನ್ನು ಇನ್ನೂ ಎತ್ತರದಿಂದ ತಂದರು. ನನ್ನ ನಾಲಗೆಯ ಮೇಲೆ ಅಲ್ಲಾಹನ ಹೆಸರು ಕೆಂಡದ ಹಾಗೆ ಕೂತಿತ್ತು. ಮರದ ಹಿಡಿಯನ್ನು ಕಚ್ಚಿ ಹಿಡಿದೆ. ಗರೀಬನ ಕುರುಡುಗಣ್ಣುಗಳಿಂದ ನೀರು ಇಳಿಯುತ್ತಿತ್ತು, ತುಟಿ ಹೊಲಿದಂತಿತ್ತು. ಆ ಕಡೆ ಯಾರೋ ಹಾಡು ಮುಗಿಯಿತೆಂದುಕೊಂಡು ಚಪ್ಪಾಳೆ ತಟ್ಟಿ, ನಾಚಿ ನಿಲ್ಲಿಸಿದರು. ಮೂರನೆಯ ಸಲಕ್ಕೆ ಶೇಖ್ ಅವರ ದನಿ ನಡುವಿನಲ್ಲೇ ಬಿರಿಯಿತು. ಅದನ್ನು ಕೇಳಿ ನನ್ನೊಳಗೆ ಏನೋ ತಣ್ಣಗಾಯಿತು.

ಶೌಕತ್ ಬೇ ಕ್ಯಾಮರಾಕ್ಕೆ ಕಾಣಬಾರದೆಂದು ಜಾಲರಿಯ ಹಿಂದಕ್ಕೆ ಅಂಬೆಗಾಲಿನಲ್ಲಿ ಬಂದ. ರೇಷ್ಮೆ ಟೈ ನೆಲ ಗುಡಿಸುತ್ತಿತ್ತು. ಕೈಸನ್ನೆಯಲ್ಲೇ ಬೇಡಿದ, ಎದುರುಗಡೆ ಕೂರಿಸುತ್ತೇನೆಂದು ತೋರಿಸಿದ, ಖಾಲಾಳ ಗಲ್ಲ ಹಿಡಿಯಲು ಬಂದ. ಅವಳು ಅವನ ಅಂಗೈಗೆ ಉಗಿದಳು.

ಆಗ ಶೇಖ್ ಹಾಡು ನಿಲ್ಲಿಸಿದರು. ವಾದ್ಯಗಳೂ ನಿಂತವು. ಇಡೀ ದೇಶ ನೋಡುತ್ತಿರುವಾಗ ಅವರು ಕಪ್ಪು ಬಟ್ಟೆಯ ಕಡೆಗೆ ತಿರುಗಿದರು.

"ಸತ್ತೂತಾ, ಒಂದ್ಸಲ ಅಲ್ಲಾಹ್ ಅನ್ನು ತಾಯಿ. ನನ್ನ ಮಾನ ಉಳಿಸು."

ಖಾಲಾ ತೂಗುತ್ತಿದ್ದ ಮೈಕನ್ನು ಎಳೆದು ಬಾಯಿಗೆ ಹಿಡಿದಳು.

"ಅನ್ನಲ್ಲ."